ಇಬ್ನ್ ಅಲ್-ನಫೀಸ್: ಹೃದಯದ ದಾರಿ ಕಂಡ ಹಕೀಮರು

ನಮ್ಮ ದಾದಾ ಅವರ ನಾಡಿಬಡಿತ ತಾಳ ತಪ್ಪಿತ್ತು. ಬೈಲಹೊಂಗಲದ ವೈದ್ಯರು ಇಸಿಜಿ ನೋಡಿ ಬೆಳಗಾವಿಗೆ ಕಳಿಸಿದರು. ಅದು ಏಟ್ರಿಯಲ್ ಫಿಬ್ರಿಲೇಷನ್ ಎಂದು ಅಲ್ಲಿ ಹೇಳಿದರು. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಲಯವಾಗಿ ಬಡಿಯದೆ ಬರೀ ನಡುಗುವ ಕಾಯಿಲೆ ಅದು. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವಾ ಹೊಡೆಯಬಹುದು. ಮಾತ್ರೆಯಿಂದ ಲಯ ಸರಿಹೋಗದ ಕಾರಣ ಕ್ಯಾತಿಟರ್ ಅಬ್ಲೇಷನ್ ಮಾಡುವುದೆಂದು ತೀರ್ಮಾನವಾಯಿತು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಚಿತ್ರದಲ್ಲಿ ವೈದ್ಯರು ನನಗೆ ತೋರಿಸಿದ್ದು ಪುಪ್ಪುಸ ಅಭಿಧಮನಿಗಳನ್ನು, ಅಂದರೆ ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳನ್ನು. ಈ ದಾರಿಯನ್ನು ಮೊದಲು ಸರಿಯಾಗಿ ವಿವರಿಸಿದವರು ಯಾರೆಂದು ಹುಡುಕಿದಾಗ ಸಿಕ್ಕ ಹೆಸರು ಇಬ್ನ್ ಅಲ್-ನಫೀಸ್.

ಅವರು 1213ರ ಸುಮಾರಿಗೆ ದಮಾಸ್ಕಸ್ ಬಳಿ ಹುಟ್ಟಿದರು. ಆ ನಗರದಲ್ಲಿ ನೂರುದ್ದೀನ್ ಝಂಗಿ ಕಟ್ಟಿಸಿದ ನೂರಿ ಆಸ್ಪತ್ರೆಯಲ್ಲಿ ಅದ್-ದಖ್ವಾರ್ ಅವರ ಶಿಷ್ಯರಾಗಿ ವೈದ್ಯಶಾಸ್ತ್ರ ಕಲಿತರು. ಮುಂದೆ ಕೈರೋಗೆ ಹೋಗಿ ಈಜಿಪ್ಟಿನ ಪ್ರಧಾನ ವೈದ್ಯರಾದರು. ಅಲ್ಲಿನ ಮಸ್ರೂರಿಯಾ ಮದ್ರಸಾದಲ್ಲಿ ಶಾಫಿ ಫಿಕ್ಹ್ ಕೂಡ ಕಲಿಸಿದರು.

ಆಗಿನ ವೈದ್ಯರಿಗೆಲ್ಲ ಗ್ರೀಕ್ ವೈದ್ಯ ಗ್ಯಾಲೆನ್ ಬರೆದದ್ದೇ ಆಧಾರ. ಬಲ ಹೃತ್ಕುಕ್ಷಿಯ ರಕ್ತ ನಡುಗೋಡೆಯ ಕಾಣದ ರಂಧ್ರಗಳ ಮೂಲಕ ಎಡಕ್ಕೆ ಜಿನುಗುತ್ತದೆ ಎಂದು ಗ್ಯಾಲೆನ್ ಹೇಳಿದ್ದರು. ಸಾವಿರ ವರ್ಷ ಇದನ್ನೇ ನಂಬಲಾಗಿತ್ತು. ಇಬ್ನ್ ಸೀನಾ ಅವರ ಕಾನೂನ್ ಗ್ರಂಥದ ಅಂಗರಚನಾ ಭಾಗಕ್ಕೆ 1242ರ ಹೊತ್ತಿಗೆ ವ್ಯಾಖ್ಯಾನ ಬರೆದಾಗ ಇಬ್ನ್ ಅಲ್-ನಫೀಸ್ ಅವರಿಗೆ ಮೂವತ್ತರ ಆಸುಪಾಸು. ಆ ಗೋಡೆ ಗಟ್ಟಿಯಾಗಿದೆ, ಅದರಲ್ಲಿ ಕಾಣುವ ರಂಧ್ರವೂ ಇಲ್ಲ, ಕಾಣದ ರಂಧ್ರವೂ ಇಲ್ಲ ಎಂದು ಅವರು ಬರೆದರು. ಬಲಗಡೆಯ ರಕ್ತ ಶ್ವಾಸಕೋಶಕ್ಕೆ ಹೋಗಿ, ಗಾಳಿಯೊಂದಿಗೆ ಬೆರೆತು, ಪುಪ್ಪುಸ ಅಭಿಧಮನಿಯ ಮೂಲಕವೇ ಎಡಕ್ಕೆ ಬರಬೇಕು ಎಂದರು. ಕಳೆದ ಬಕ್ರೀದ್‌ನಲ್ಲಿ ಕುರ್ಬಾನಿಯ ಕುರಿಯ ಹೃದಯವನ್ನು ಅಮ್ಮನಿಂದ ಕೇಳಿ ಪಡೆದು ಸೀಳಿ ನೋಡಿದೆ. ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆ ನನ್ನ ಬೆರಳಿಗಿಂತ ದಪ್ಪವಿತ್ತು. ಎಷ್ಟು ತಡಕಿದರೂ ತೂತು ಸಿಗಲಿಲ್ಲ.

ಶ್ವಾಸಕೋಶದಲ್ಲಿ ಅಪಧಮನಿಗೂ ಅಭಿಧಮನಿಗೂ ನಡುವೆ ಸೂಕ್ಷ್ಮ ದಾರಿಗಳಿರಬೇಕೆಂದೂ ಅವರು ಊಹಿಸಿದ್ದರು. ಆ ಲೋಮನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ಮಾಲ್ಪಿಘಿ ಕಂಡದ್ದು 1661ರಲ್ಲಿ. ಇಡೀ ದೇಹದ ರಕ್ತಪರಿಚಲನೆ ಮಾತ್ರ ಇಬ್ನ್ ಅಲ್-ನಫೀಸ್ ಅವರಿಗೆ ತಿಳಿದಿರಲಿಲ್ಲ. ಅದನ್ನು 1628ರಲ್ಲಿ ವಿವರಿಸಿದವರು ಹಾರ್ವೆ.

ಕೊನೆಯ ಕಾಯಿಲೆಯಲ್ಲಿ ಔಷಧಿಯೆಂದು ಮದ್ಯ ಕೊಡಬಂದಾಗ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲಾಹನ ಮುಂದೆ ಹೋಗಲಾರೆನೆಂದು ಅವರು ನಿರಾಕರಿಸಿದರು ಎಂದು ಚರಿತ್ರೆಕಾರರು ಬರೆದಿದ್ದಾರೆ. ತಮ್ಮ ಮನೆಯನ್ನೂ ಪುಸ್ತಕಗಳನ್ನೂ ಕೈರೋದ ಮನ್ಸೂರಿ ಆಸ್ಪತ್ರೆಗೆ ಬಿಟ್ಟು 1288ರಲ್ಲಿ ತೀರಿಕೊಂಡರು. ಹೃದಯದ ಬಗ್ಗೆ ಅವರು ಬರೆದದ್ದು ಕ್ರಮೇಣ ಮರೆತುಹೋಯಿತು. ಜರ್ಮನಿಯಲ್ಲಿ ಓದುತ್ತಿದ್ದ ಈಜಿಪ್ಟಿನ ವೈದ್ಯ ಮುಹಿಯುದ್ದೀನ್ ತತಾವಿ ಬರ್ಲಿನ್‌ನಲ್ಲಿದ್ದ ಹಸ್ತಪ್ರತಿ ಓದಿ, 1924ರ ತಮ್ಮ ಪ್ರಬಂಧದಲ್ಲಿ ಅದನ್ನು ಜಗತ್ತಿನ ಮುಂದಿಟ್ಟರು.

ಅವರು ಗುರುತಿಸಿದ ಆ ಅಭಿಧಮನಿಗಳೇ ದಾದಾ ಅವರ ಚಿಕಿತ್ಸೆಯ ಕೇಂದ್ರ. ಎಡ ಹೃತ್ಕರ್ಣದ ಸ್ನಾಯು ಈ ನಾಳಗಳ ಒಳಗೂ ತೋಳಿನಂತೆ ಸ್ವಲ್ಪ ದೂರ ಚಾಚಿರುತ್ತದೆ. ತಾಳ ತಪ್ಪಿಸುವ ವಿದ್ಯುತ್ ಕಿಡಿಗಳು ಹೆಚ್ಚಾಗಿ ಅಲ್ಲಿಂದಲೇ ಹೊರಡುತ್ತವೆ ಎಂದು 1998ರಲ್ಲಿ ಫ್ರಾನ್ಸಿನ ಬೋರ್ಡೊದ ಹೈಸಗೇರ್ ಮತ್ತು ಸಂಗಡಿಗರು ತೋರಿಸಿದರು. ತೊಡೆಸಂದಿನ ರಕ್ತನಾಳದಿಂದ ತೆಳುವಾದ ನಳಿಕೆಯನ್ನು ಬಲ ಹೃತ್ಕರ್ಣಕ್ಕೆ ಒಯ್ಯುತ್ತಾರೆ. ಎರಡು ಹೃತ್ಕರ್ಣಗಳ ನಡುವಿನ ಗೋಡೆಯ ತೆಳುವಾದ ಜಾಗದಲ್ಲಿ ಚುಚ್ಚಿ ಎಡಕ್ಕೆ ದಾಟುತ್ತಾರೆ. ಅಭಿಧಮನಿಗಳ ಬಾಯಿಯ ಸುತ್ತ ಬಳೆಯಂತೆ ಸುಡುತ್ತಾರೆ ಇಲ್ಲವೆ ಹೆಪ್ಪುಗಟ್ಟಿಸುತ್ತಾರೆ. ಆ ಕಲೆಯನ್ನು ದಾಟಿ ವಿದ್ಯುತ್ ಹರಿಯದು.

ಆದರೆ ಎಲ್ಲರ ಹೃದಯವೂ ಪಠ್ಯಪುಸ್ತಕದ ಚಿತ್ರದಂತಿರುವುದಿಲ್ಲ. ಸಾಮಾನ್ಯವಾಗಿ ನಾಲ್ಕು ಅಭಿಧಮನಿಗಳು. ಕೆಲವರಿಗೆ ಬಲಗಡೆ ಇನ್ನೊಂದು ಹೆಚ್ಚಿರುತ್ತದೆ. ಕೆಲವರಿಗೆ ಎಡಗಡೆಯ ಎರಡೂ ಕೂಡಿ ಒಂದೇ ಬಾಯಿ ಇರುತ್ತದೆ. ನಮ್ಮ ದಾದಾ ಅವರದು ಹಾಗೇ ಇತ್ತು. ಅಂಥ ಅಗಲವಾದ ಬಾಯಿಗೆ ಸುಡುವ ಗೆರೆಯನ್ನೇ ಬೇರೆಯಾಗಿ ಎಳೆಯಬೇಕು. ಹೃತ್ಕರ್ಣದ ಬೆನ್ನಿಗೇ ಅನ್ನನಾಳ ಅಂಟಿಕೊಂಡಿರುವುದರಿಂದ ಅಲ್ಲಿ ಶಾಖ ಹೆಚ್ಚಾಗಬಾರದು. ಅದಕ್ಕಾಗಿಯೇ ಆ ವೈದ್ಯರು ಕೈಯಿಡುವ ಮೊದಲು ಚಿತ್ರವನ್ನು ಅಷ್ಟು ಹೊತ್ತು ನೋಡಿದ್ದು.

ದಾದಾ ಈಗ ಮಸೀದಿಗೆ ನಡೆದೇ ಹೋಗುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಮಾತ್ರ ತಪ್ಪಿಸುವಂತಿಲ್ಲ. ಇಬ್ನ್ ಅಲ್-ನಫೀಸ್ ಇಬ್ನ್ ಸೀನಾ ಅವರ ಗ್ರಂಥವನ್ನು ಬದಿಗಿಡಲಿಲ್ಲ, ಅದಕ್ಕೆ ವ್ಯಾಖ್ಯಾನವನ್ನೇ ಬರೆದರು. ಆದರೆ ಅದರಲ್ಲಿ ತಪ್ಪು ಕಂಡಲ್ಲಿ ತಪ್ಪೆಂದೇ ಬರೆದರು. ಹಿರಿಯರ ಮೇಲಿನ ಗೌರವ, ನಿಜದ ಮೇಲಿನ ನಿಷ್ಠೆ ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಬಹುದೆಂದು ನಾನು ಅವರಿಂದ ಕಲಿತೆ.