ಶಿಶುನಾಳ ಶರೀಫರು ಯಾವ ವಿಭಾಗದವರು?

ಕೆಲವು ವರುಷಗಳ ಹಿಂದೆ ಒಂದು ಹಾಡಿನ ಸ್ಪರ್ಧೆಗೆಂದು ನಮ್ಮ ಮನೆಯ ಹುಡುಗಿ ಶಿಶುನಾಳ ಶರೀಫರ ಪದವೊಂದನ್ನು ಕಲಿತುಕೊಂಡು ಹೋಗಿದ್ದಳು. ಕಟ್ಟಿದವರ ಹೆಸರು ತಿಳಿದಿರುವುದರಿಂದ ಅದು ಜಾನಪದಕ್ಕೆ ಸಲ್ಲದೆಂದು ಒಂದು ವಿಭಾಗದವರೂ, ಹಳ್ಳಿಯ ಮಾತಾದ್ದರಿಂದ ಭಾವಗೀತೆಯಲ್ಲವೆಂದು ಮತ್ತೊಂದು ವಿಭಾಗದವರೂ ಹೇಳಿದರು. ಮಗು ಹಾಡದೆಯೇ ಮನೆಗೆ ಮರಳಿತು. ಶರೀಫರ ಬಾಳನ್ನು ಬಲ್ಲವರಿಗೆ ಇದೇನೂ ಹೊಸ ಸಂಗತಿಯಲ್ಲ.

ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ, 1819ರಲ್ಲಿ, ಬಡ ಮುಸಲ್ಮಾನ ಕುಟುಂಬವೊಂದರಲ್ಲಿ ಅವರು ಜನಿಸಿದರು. ಹುಲಗೂರಿನ ಖಾದರಿ ಪೀರರಿಗೆ ಹರಕೆ ಹೊತ್ತು ಪಡೆದ ಮಗನೆಂದು ಆ ಸೀಮೆಯ ಜನರ ನಂಬಿಕೆ. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೆಲಕಾಲ ಮಾಸ್ತರಿಕೆ ಮಾಡಿದರಾದರೂ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುಗಳನ್ನು ಆಶ್ರಯಿಸಿದರು. ಭಟ್ಟರ ಮನೆಗೆ ಮುಸಲ್ಮಾನನೇಕೆಂದು ಒಂದು ಕಡೆಯವರು, ಸಾಬರ ಹುಡುಗನಿಗೆ ಭಟ್ಟರೇಕೆಂದು ಇನ್ನೊಂದು ಕಡೆಯವರು ಮುನಿಸಿಕೊಂಡರು. ಗುರುಗಳು ತಮ್ಮ ಕೈಯಾರೆ ಶಿಷ್ಯನಿಗೆ ಜನಿವಾರ ಹಾಕಿದರೆಂಬ ಕಥೆಯನ್ನು ಇಂದಿಗೂ ಜನ ಹೇಳುತ್ತಾರೆ. ಸಂಸಾರಸುಖ ಅವರಿಗೆ ಬಹುಕಾಲ ದಕ್ಕಲಿಲ್ಲ. ಕುಂದಗೋಳದಿಂದ ತಂದ ಮಡದಿ ಫಾತಿಮಾ ಹಾಗೂ ಒಬ್ಬಳೇ ಮಗಳು, ಇಬ್ಬರೂ ಬೇಗನೆ ತೀರಿಕೊಂಡರು. ಉಳಿದದ್ದು ತಂಬೂರಿ ಮತ್ತು ತಿರುಗಾಟ.

ತಿರುಗಾಟದಲ್ಲಿ ಕಂಡದ್ದೆಲ್ಲ ಅವರಿಗೆ ಪದವಾಯಿತು. ಮಳೆಗೆ ಸೋರುವ ಮಾಳಿಗೆಯನ್ನು ಕಂಡು ಮನುಷ್ಯನ ಅಜ್ಞಾನವನ್ನು ಹಾಡಿದರು. ತಂಬೂರಿಯನ್ನು ದೇಹಕ್ಕೆ ಹೋಲಿಸಿದರು. ಕೋಳಿಯು ಕೋತಿಯನ್ನು ನುಂಗಿತೆಂದು ಒಗಟು ಹಾಕಿ ಪಂಡಿತರನ್ನೂ ತಲೆ ಕೆರೆದುಕೊಳ್ಳುವಂತೆ ಮಾಡಿದರು. (ಈ ಪದಕ್ಕೆ ಅರ್ಥ ಹೇಳಹೊರಟ ಉಪನ್ಯಾಸಗಳಲ್ಲಿ ನಾವು ತೂಕಡಿಸಿದ್ದುಂಟು, ಹಾಡು ಕೇಳುವಾಗ ಮಾತ್ರ ಎಂದೂ ಇಲ್ಲ.) ದೇವಿಯ ಮೇಲೆ, ಊರ ಬಸವಣ್ಣನ ಮೇಲೆ, ಗುರುವಿನ ಮೇಲೆ ಹಾಡಿದ ಅದೇ ಕಂಠವು ಮೊಹರಮ್ಮಿಗೆ ಕರ್ಬಲೆಯ ರಿವಾಯತ ಪದಗಳನ್ನೂ ಕಟ್ಟಿತು. ದಬೀರಪುರದ ಬೀಬಿ ಕಾ ಅಲಾವಾದಿಂದ ಹೊರಡುವ ಮೊಹರಮ್ ಮೆರವಣಿಗೆಯನ್ನು ಕಂಡಿರುವ ಹೈದರಾಬಾದಿನ ನಮ್ಮ ಮಕ್ಕಳಿಗೆ, ತಾತನ ಊರಿನ ಅಲಾವಿ ಕುಣಿಯ ಸುತ್ತ ಕನ್ನಡದಲ್ಲಿ ಹಾಡುತ್ತಿದ್ದ ಪದಗಳು ಇವೇ ಎಂದು ಯಾರಾದರೂ ಹೇಳಬೇಡವೆ? ಉರ್ದು ಮಾತು ಅವರ ಪದಗಳಲ್ಲಿ ಸಂಕೋಚವಿಲ್ಲದೆ ಬಂದು ಕೂರುತ್ತದೆ.

ಇಂಥವರಿಗೆ ನಾವು ಹಚ್ಚಿದ ಚೀಟಿಗಳೆಷ್ಟು! ತತ್ವಪದಕಾರ, ಜಾನಪದ ಕವಿ, ಸಂತ, ಕನ್ನಡದ ಕಬೀರ. ಕಡೆಯದನ್ನು ಗೌರವಕ್ಕೆಂದೇ ಕೊಟ್ಟರು, ನಿಜ. ಆದರೆ ಕಬೀರರನ್ನು ಉತ್ತರದ ಶರೀಫರೆಂದು ಕರೆದವರನ್ನು ನಾವಂತೂ ಕಾಣೆವು. ಏಕತಾರಿ, ದಮ್ಮಡಿಗಳೊಡನೆ ಭಜನೆಯ ಮೇಳದಲ್ಲಿದ್ದ ಪದಗಳನ್ನು ಮುಂದೆ ಸಿ. ಅಶ್ವತ್ಥರು ವೇದಿಕೆಗೂ ಧ್ವನಿಸುರುಳಿಗೂ ತಂದರು. 1990ರಲ್ಲಿ ನಾಗಾಭರಣರ ಚಲನಚಿತ್ರವೂ ಬಂದಿತು. ಅಲ್ಲಿಂದಾಚೆಗೆ ಅವು ಸುಗಮ ಸಂಗೀತವೆನಿಸಿದವು. ಅಶ್ವತ್ಥರ ಉಪಕಾರ ದೊಡ್ಡದು. ಅವರಿಲ್ಲದಿದ್ದರೆ ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಿಗೆ ಶರೀಫರು ಬರುತ್ತಿದ್ದರೋ ಇಲ್ಲವೋ. ಆದರೂ ಒಗಟಿನ ಪದಗಳನ್ನೇ ಕೇಳಿದವರು ರಿವಾಯತಗಳನ್ನು ಮರೆತದ್ದು ಸುಳ್ಳಲ್ಲ.

ಶರೀಫರು ಮಾತ್ರ ಪದದ ಕೊನೆಗೆ ತಮ್ಮೂರಿನ ಒಡೆಯ ಶಿಶುನಾಳಧೀಶನ ಅಂಕಿತವನ್ನಿಟ್ಟು ಮುಂದೆ ನಡೆದರು. 1889ರಲ್ಲಿ ಅವರು ದೇಹವಿಟ್ಟಾಗ ಎರಡೂ ಮತದವರು ತಂತಮ್ಮ ವಿಧಿಗಳಂತೆ ಸಂಸ್ಕಾರ ನಡೆಸಿದರೆಂದು ಹೇಳುತ್ತಾರೆ. ಅವರ ಗದ್ದುಗೆಗೆ ಇಂದಿಗೂ ಎರಡೂ ಕಡೆಯ ಜನ ನಡೆದುಕೊಳ್ಳುತ್ತಾರೆ.

ನಮ್ಮ ಹುಡುಗಿ ಈ ಸಲದ ರಾಜ್ಯೋತ್ಸವದಲ್ಲಿ ಹಾಡುವಳು. ಕಾರ್ಯಕ್ರಮ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಶರೀಫರ ಪದ ಎಂದಷ್ಟೇ ಅಚ್ಚು ಹಾಕಿಸಿದ್ದೇವೆ.