ತಪ್ಪಿಗೂ ಕಾರಣವಿದೆ ಎಂದು ತೋರಿಸಿದ ಅಧ್ಯಾಪಕಿ: ಮಿನಾ ಶಾನೆಸಿ

ಕಾಲೇಜಿನಲ್ಲಿ ಸೀಟು ಸಿಕ್ಕ ಮಾತ್ರಕ್ಕೆ ಓದು ದಕ್ಕುವುದಿಲ್ಲ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿ, ಪ್ರಥಮ ಪಿಯುಸಿಯ ಮೊದಲ ವಾರ ಇಂಗ್ಲಿಷ್ ಪಾಠ ಕೇಳಿ ತಲೆ ತಗ್ಗಿಸಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ತಯಾರಿಯಿಲ್ಲದೆ ಕಾಲೇಜಿಗೆ ಬಂದವರ ಬರಹವನ್ನು ಕೆಂಪು ಶಾಯಿಯ ಪೆನ್ನು ಬದಿಗಿಟ್ಟು ಓದಿದ ಅಧ್ಯಾಪಕಿಯೊಬ್ಬರು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿದ್ದರು. ಅವರೇ ಮಿನಾ ಶಾನೆಸಿ.

ಮಿನಾ ಹುಟ್ಟಿದ್ದು 1924ರ ಮಾರ್ಚ್ 13ರಂದು, ದಕ್ಷಿಣ ಡಕೋಟಾ ರಾಜ್ಯದ ಲೀಡ್ ಎಂಬ ಊರಿನಲ್ಲಿ. ನಮ್ಮ ಕೆಜಿಎಫ್‌ನಂತೆ ಅದೂ ಚಿನ್ನದ ಗಣಿಯ ಊರು. ತಂದೆ ಗಣಿ ಕೆಲಸಗಾರ, ತಾಯಿ ಶಾಲಾ ಶಿಕ್ಷಕಿ. ಮಿನಾ ಅವರಿಗೆ ನಟಿಯಾಗುವ ಆಸೆಯಿತ್ತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ರಂಗಭೂಮಿಯ ವಿಷಯ ಓದಿ, 1946ರಲ್ಲಿ ಪದವಿ ಪಡೆದು ನ್ಯೂಯಾರ್ಕ್‌ಗೆ ಬಂದರು. ನಟನೆ ಕೈಹಿಡಿಯಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಸಂಶೋಧನಾ ಸಹಾಯಕಿಯಾಗಿ, ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿ ದುಡಿದರು. ಅರೆಕಾಲಿಕವಾಗಿ ಪಾಠವನ್ನೂ ಮಾಡಿದರು. ಡಾಕ್ಟರೇಟ್ ಮಾಡಲಿಲ್ಲ. 1967ರಲ್ಲಿ, 43ನೇ ವಯಸ್ಸಿನಲ್ಲಿ, ಅವರು ನ್ಯೂಯಾರ್ಕ್‌ನ ಸಿಟಿ ಕಾಲೇಜಿಗೆ ಸೇರಿದರು. ಅವರ ನಿಜವಾದ ಕೆಲಸ ಶುರುವಾದದ್ದು ಅಲ್ಲಿ.

ಸಿಟಿ ಕಾಲೇಜು 1847ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ಕಾಲೇಜು. ಬಡವರ ಮಕ್ಕಳೂ ಓದಲಿ ಎಂದು ಅಲ್ಲಿ ಬೋಧನಾ ಶುಲ್ಕವೇ ಇರಲಿಲ್ಲ. ವಲಸೆ ಬಂದ ಕುಟುಂಬಗಳ ಸಾವಿರಾರು ಮಕ್ಕಳು ಅಲ್ಲಿ ಓದಿ ಮುಂದೆ ಬಂದಿದ್ದರು. ಆದರೆ ಕಾಲೇಜು ಇದ್ದದ್ದು ಕಪ್ಪು ಜನಾಂಗದವರು ಹೆಚ್ಚಾಗಿ ವಾಸಿಸುವ ಹಾರ್ಲೆಮ್‌ನಲ್ಲಿ. ತರಗತಿಗಳಲ್ಲಿ ಮಾತ್ರ ಆ ನೆರೆಹೊರೆಯ ಮಕ್ಕಳು ಬಹಳ ಕಡಿಮೆ. ಪ್ರವೇಶಕ್ಕೆ ಬೇಕಾದಷ್ಟು ಅಂಕ ತರುವಂತಹ ಶಾಲೆಗಳು ಅವರ ಪಾಲಿಗೆ ಇರಲಿಲ್ಲ.

ಈ ಕೊರತೆ ನೀಗಿಸಲು 1966ರಲ್ಲಿ ಸೀಕ್ ಎಂಬ ಯೋಜನೆಗೆ ಕಾನೂನಿನ ಬೆಂಬಲ ಸಿಕ್ಕಿತು. ಅಂಕ ಕಡಿಮೆಯಿದ್ದರೂ ಓದುವ ಶಕ್ತಿಯಿರುವ ಬಡ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಅವರಿಗೆ ಪರಿಹಾರ ಬೋಧನೆ, ಆಪ್ತ ಸಲಹೆ, ಖರ್ಚಿಗೆ ಸಹಾಯಧನ ಕೊಡುವುದು ಅದರ ಕ್ರಮ. ಮಿನಾ ಅವರಿಗೆ ಇದರ ಬರವಣಿಗೆ ವಿಭಾಗದ ಹೊಣೆ ಬಂತು. ಏಡ್ರಿಯನ್ ರಿಚ್, ಆಡ್ರೆ ಲಾರ್ಡ್ ಅವರಂತಹ ಕವಯಿತ್ರಿಯರೂ ಈ ಯೋಜನೆಯಲ್ಲಿ ಪಾಠ ಮಾಡಿದರು.

1969ರ ಏಪ್ರಿಲ್‌ನಲ್ಲಿ ಕಪ್ಪು ಮತ್ತು ಪೋರ್ಟೊರಿಕೊ ಮೂಲದ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ಗೇಟುಗಳಿಗೆ ಬೀಗ ಹಾಕಿ ಹೋರಾಟಕ್ಕೆ ಇಳಿದರು. ನಗರದ ಶಾಲೆಗಳಲ್ಲಿ ಓದುವ ತಮ್ಮವರಿಗೂ ಕಾಲೇಜಿನಲ್ಲಿ ಜಾಗ ಬೇಕು ಎಂಬುದು ಅವರ ಬೇಡಿಕೆ. ಹೈಸ್ಕೂಲ್ ಮುಗಿಸಿದ ಎಲ್ಲರಿಗೂ ನಗರ ವಿಶ್ವವಿದ್ಯಾಲಯದ ಯಾವುದಾದರೊಂದು ಕಾಲೇಜಿನಲ್ಲಿ ಪ್ರವೇಶ ಕೊಡುವ ಮುಕ್ತ ಪ್ರವೇಶ ನೀತಿಯನ್ನು 1975ರಲ್ಲಿ ತರುವ ಯೋಚನೆಯಿತ್ತು. ಹೋರಾಟದಿಂದಾಗಿ ಅದು 1970ರಲ್ಲೇ ಬಂತು. ಹಿಂದಿನ ವರ್ಷ ಸುಮಾರು 20,000 ಇದ್ದ ಹೊಸ ವಿದ್ಯಾರ್ಥಿಗಳ ಸಂಖ್ಯೆ ಒಮ್ಮೆಲೇ ಸುಮಾರು 35,000ಕ್ಕೆ ಏರಿತು.

ಬಾಗಿಲು ತೆರೆಯಿತು, ಆದರೆ ಒಳಗೆ ಸಿದ್ಧತೆ ಇರಲಿಲ್ಲ. ಸಾಹಿತ್ಯ ಪಾಠ ಮಾಡಿ ಅಭ್ಯಾಸವಾಗಿದ್ದ ಪ್ರಾಧ್ಯಾಪಕರ ಕೈಗೆ ವಾಕ್ಯವೇ ಕೂಡದ ಬರಹಗಳು ಬಂದವು. ಇವರು ಕಾಲೇಜಿಗೆ ತಕ್ಕವರಲ್ಲ, ಇವರಿಂದ ಗುಣಮಟ್ಟ ಕುಸಿಯುತ್ತದೆ ಎಂಬ ಮಾತು ಸ್ಟಾಫ್ ರೂಮಿನಲ್ಲೂ ಪತ್ರಿಕೆಗಳಲ್ಲೂ ಕೇಳಿಬಂತು. ಮಿನಾ ಅವರೂ ಮೊದಲು ಕಂಗಾಲಾದರು. ಎಲ್ಲಿಂದ ಶುರು ಮಾಡಬೇಕೆಂದು ಅವರಿಗೂ ತಿಳಿಯಲಿಲ್ಲ. ಆದರೆ ಅವರು ಆ ಪೇಪರ್‌ಗಳನ್ನು ಕಟ್ಟಿ ಅಟ್ಟಕ್ಕೆ ಹಾಕಲಿಲ್ಲ. 1970ರಿಂದ 1974ರವರೆಗೆ ಹೊಸ ವಿದ್ಯಾರ್ಥಿಗಳು ಪ್ರವೇಶದ ಸಮಯದಲ್ಲಿ ಬರೆದ ಸುಮಾರು 4,000 ಪ್ರಬಂಧಗಳನ್ನು ಕೂತು ಓದಿದರು. ತಪ್ಪುಗಳನ್ನು ಎಣಿಸುವ ಬದಲು ಅವು ಏಕೆ ಆದವು ಎಂದು ಹುಡುಕಿದರು.

ಅವರಿಗೆ ಕಂಡದ್ದು ಇದು: ತಪ್ಪುಗಳು ಮನಬಂದಂತೆ ಆದವಲ್ಲ, ಬಹಳಷ್ಟು ತಪ್ಪುಗಳ ಹಿಂದೆ ಒಂದು ಲೆಕ್ಕಾಚಾರವಿದೆ. ನಮಗೆಲ್ಲ ಗೊತ್ತಿರುವ ಉದಾಹರಣೆಯನ್ನೇ ನೋಡಿ. ಇಂಗ್ಲಿಷ್‌ನಲ್ಲಿ ನಾಮಪದಕ್ಕೆ ಎಸ್ ಸೇರಿಸಿದರೆ ಬಹುವಚನ. ಅದೇ ಎಸ್ ವರ್ತಮಾನ ಕಾಲದ ಕ್ರಿಯಾಪದಕ್ಕೆ ಸೇರಿದರೆ ಏಕವಚನ. ಹುಡುಗ ಒಬ್ಬನಾದರೆ ಬಾಯ್ ರನ್ಸ್, ಹಲವರಾದರೆ ಬಾಯ್ಸ್ ರನ್. ಎಸ್ ಎಂದರೆ ಬಹುವಚನ ಎಂದು ಕಲಿತವನು ಇಲ್ಲಿ ಎಡವಿದರೆ ಅವನಿಗೆ ಬುದ್ಧಿಯಿಲ್ಲ ಎಂದಲ್ಲ. ಕಲಿತ ನಿಯಮವನ್ನು ಅವನು ಎಲ್ಲ ಕಡೆಯೂ ಅನ್ವಯಿಸಿದ್ದಾನೆ, ಭಾಷೆಯೇ ಅಲ್ಲಿ ದಾರಿ ಬದಲಿಸಿದೆ. ಕಾಗುಣಿತದ ತಪ್ಪುಗಳೂ ಹಾಗೆಯೇ. ಎಷ್ಟೋ ವಿದ್ಯಾರ್ಥಿಗಳು ಕಿವಿಗೆ ಕೇಳಿಸಿದಂತೆ ಬರೆದಿದ್ದರು.

ಅವರು ಕಂಡ ಇನ್ನೊಂದು ಕಾರಣ ಭಯ. ಪ್ರತಿ ಪದವೂ ತನ್ನನ್ನು ದಡ್ಡನೆಂದು ತೋರಿಸಿಬಿಡಬಹುದು ಎಂದು ಹೆದರುವವನು ನಾಲ್ಕು ಸಾಲು ಬರೆದು ನಿಲ್ಲಿಸುತ್ತಾನೆ, ಬರೆದದ್ದನ್ನೂ ಹೊಡೆದುಹಾಕುತ್ತಾನೆ. ಒಳ್ಳೆಯ ಬರಹಗಾರರು ಒಂದೇ ಸಲಕ್ಕೆ ಸರಿಯಾಗಿ ಬರೆಯುತ್ತಾರೆ ಎಂದು ಅವನು ನಂಬಿರುತ್ತಾನೆ. ಅನುಭವಿ ಲೇಖಕರೂ ಬರೆದು, ಹರಿದು, ತಿದ್ದಿ ಮತ್ತೆ ಬರೆಯುತ್ತಾರೆ ಎಂಬುದನ್ನು ಅವನಿಗೆ ಯಾರೂ ತೋರಿಸಿರುವುದಿಲ್ಲ.

ಹಾಗಾಗಿ ಅವರು ಕಟ್ಟಿದ ಪಾಠಕ್ರಮದಲ್ಲಿ ಪುಟ ತುಂಬ ಕೆಂಪು ಗೀಟು ಎಳೆಯುವುದಕ್ಕೆ ಜಾಗವಿರಲಿಲ್ಲ. ಮರುಕಳಿಸುವ ತಪ್ಪನ್ನು ಗುರುತಿಸಬೇಕು, ಅದರ ಹಿಂದಿನ ನಿಯಮವನ್ನು ಬಿಡಿಸಿ ಹೇಳಬೇಕು, ಮತ್ತೆ ಬರೆಯಲು ಸಮಯ ಕೊಡಬೇಕು. ಶಾಲೆಯಲ್ಲಿ ವರ್ಷಗಟ್ಟಲೆ ಸಿಗದ್ದನ್ನು ಒಂದೇ ಸೆಮಿಸ್ಟರ್‌ನಲ್ಲಿ ತುಂಬಿಕೊಡಲು ಆಗುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. 1976ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಅವರು ಅಧ್ಯಾಪಕರ ಕಡೆಗೇ ತಿರುಗಿದರು. ಕೆಲವರು ಬಾಗಿಲ ಕಾವಲುಗಾರರಾಗುತ್ತಾರೆ, ಕೆಲವರು ವಿದ್ಯಾರ್ಥಿಯನ್ನು ಖಾಲಿ ಕೊಡವೆಂದು ತಿಳಿದು ತುಂಬಿಸಲು ಹೊರಡುತ್ತಾರೆ; ಆದರೆ ಕೊನೆಗೆ ಅಧ್ಯಾಪಕರೇ ತಮ್ಮ ವಿಷಯವನ್ನೂ ತಮ್ಮ ವಿದ್ಯಾರ್ಥಿಗಳನ್ನೂ ಹೊಸದಾಗಿ ಕಲಿಯಬೇಕಾಗುತ್ತದೆ ಎಂಬುದು ಅದರ ಸಾರ.

ಈ ಕೆಲಸ ಬೇರೂರುವ ಹೊತ್ತಿಗೆ ನ್ಯೂಯಾರ್ಕ್ ನಗರದ ಖಜಾನೆ ಬರಿದಾಯಿತು. 1976ರಲ್ಲಿ ಹಣವಿಲ್ಲದೆ ಇಡೀ ವಿಶ್ವವಿದ್ಯಾಲಯ ಎರಡು ವಾರ ಮುಚ್ಚಿತು. 129 ವರ್ಷಗಳ ಶುಲ್ಕವಿಲ್ಲದ ಶಿಕ್ಷಣ ಅದೇ ವರ್ಷ ಕೊನೆಗೊಂಡಿತು. ಪರಿಹಾರ ಬೋಧನೆಯಲ್ಲಿ ತೊಡಗಿದ್ದ ಅನೇಕ ಯುವ ಅಧ್ಯಾಪಕರು ಕೆಲಸ ಕಳೆದುಕೊಂಡರು. ಮಿನಾ ಅವರು ಅಷ್ಟರಲ್ಲಿ, 1975ರಲ್ಲಿ, ಇದೇ ವಿಷಯಕ್ಕೆ ಮೀಸಲಾದ ಜರ್ನಲ್ ಆಫ್ ಬೇಸಿಕ್ ರೈಟಿಂಗ್ ಎಂಬ ಪತ್ರಿಕೆ ಆರಂಭಿಸಿದ್ದರು. 4,000 ಪ್ರಬಂಧಗಳ ಅಧ್ಯಯನ 1977ರಲ್ಲಿ ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಶನ್ಸ್ ಎಂಬ ಪುಸ್ತಕವಾಗಿ ಹೊರಬಂತು. ಮರುವರ್ಷ, 1978ರ ನವೆಂಬರ್ 16ರಂದು, ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ವಯಸ್ಸು 54 ಆಗಿತ್ತು.

ಅವರು ವ್ಯಾಕರಣಕ್ಕೆ ಹೆಚ್ಚು ಒತ್ತು ಕೊಟ್ಟರು, ವಿದ್ಯಾರ್ಥಿಗಳ ಮನೆಮಾತು ಮತ್ತು ಕಾಲೇಜಿನ ಭಾಷೆಯ ನಡುವಿನ ಘರ್ಷಣೆಯನ್ನು ಸಾಕಷ್ಟು ನೋಡಲಿಲ್ಲ ಎಂದು ನಂತರದ ವಿದ್ವಾಂಸರು ಟೀಕಿಸಿದ್ದಾರೆ. 1999ರಲ್ಲಿ ಅದೇ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ನಾಲ್ಕು ವರ್ಷದ ಕಾಲೇಜುಗಳಿಂದ ಪರಿಹಾರ ಬೋಧನೆಯನ್ನು ತೆಗೆಯಲು ತೀರ್ಮಾನಿಸಿತು. ಕಾಲೇಜು ಯಾರಿಗಾಗಿ ಎಂಬ ವಾದ ಅವರೊಂದಿಗೆ ಮುಗಿಯಲಿಲ್ಲ. ಆದರೆ ಅವರ ಪುಸ್ತಕ ಇಂದಿಗೂ ಓದಲ್ಪಡುತ್ತಿದೆ, ಅವರ ಹೆಸರಿನಲ್ಲಿ ಪ್ರಶಸ್ತಿಯೊಂದು ಇದೆ.

ಇಲ್ಮ್ ಅರಸಿ ಬಂದವರಿಗೆ ಬಾಗಿಲು ತೆರೆದರೆ ಸಾಲದು, ಒಳಗೆ ಬಂದ ಮೇಲೆ ಕೈ ಹಿಡಿದು ನಡೆಸುವವರೂ ಬೇಕು. ಮುಂದಿನ ಸಲ ಕಿರುಪರೀಕ್ಷೆಯ ಪೇಪರ್ ಕೈಗೆ ಬಂದಾಗ ಅಂಕ ನೋಡಿ ಬ್ಯಾಗಿಗೆ ತುರುಕಬೇಡಿ. ಯಾವ ತಪ್ಪು ಮತ್ತೆ ಮತ್ತೆ ಆಗಿದೆ ಎಂದು ನೋಡಿ. ಅದನ್ನು ಹಿಡಿದುಕೊಂಡು ಸರ್ ಅಥವಾ ಮೇಡಂ ಬಳಿ ಹೋಗಿ, ಇದು ಏಕೆ ಹೀಗಾಯಿತು ಎಂದು ಕೇಳಿ. ಮಿನಾ ಶಾನೆಸಿ ತಮ್ಮ ಜೀವನದ ಕೊನೆಯ ಹತ್ತು ವರ್ಷ ಕೇಳಿಕೊಂಡದ್ದೂ ಅದೇ ಪ್ರಶ್ನೆಯನ್ನು.