ಅರ್ಧ ಟನ್ ಥಿಯೋಡೊಲೈಟ್ ಹೊತ್ತವನು

1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಹೋರಾಡಿದ ಬ್ರಿಟಿಷ್ ಅಧಿಕಾರಿ ವಿಲಿಯಂ ಲ್ಯಾಂಬ್ಟನ್. ಟಿಪ್ಪು ಬಿದ್ದ ಮೇಲೆ ಈತ ಕೇಳಿದ್ದು ದಕ್ಷಿಣ ಭಾರತವನ್ನ ಸಮುದ್ರದಿಂದ ಸಮುದ್ರಕ್ಕೆ ಅಳೆಯೋ ಅನುಮತಿ.

ಅರ್ಧ ಟನ್ ತೂಕದ ಥಿಯೋಡೊಲೈಟ್ ಇಂಗ್ಲೆಂಡಿಂದ ಬರುವಾಗ ಹಡಗನ್ನೇ ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಆಮೇಲೆ ವಾಪಸ್ ಕಳಿಸಿದರು. 1802ರಲ್ಲಿ ಮದ್ರಾಸಲ್ಲಿ ಸರಪಳಿ ಹಿಡಿದು ಬೇಸ್‌ಲೈನ್ ಅಳೆದ. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಕಟ್ಟುತ್ತಾ ಬೆಂಗಳೂರು ದಾಟಿ ಮಂಗಳೂರು ಮುಟ್ಟಿದ. 1804ರಲ್ಲಿ ಬೆಂಗಳೂರಲ್ಲಿ ನೆಲ ಅಳೆದು ಚೆಕ್ ಮಾಡಿದಾಗ, ಸುಮಾರು 12 ಕಿಲೋಮೀಟರ್‌ಗೆ ವ್ಯತ್ಯಾಸ 10 ಸೆಂಟಿಮೀಟರ್‌ಗಿಂತ ಕಮ್ಮಿ!

ಬೆಟ್ಟ ಇಲ್ಲದ ತಂಜಾವೂರಲ್ಲಿ, 1808ರಲ್ಲಿ, ಥಿಯೋಡೊಲೈಟನ್ನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಅದು ಗೋಡೆಗೆ ಬಡಿಯಿತು. ನಜ್ಜುಗುಜ್ಜಾದ ವೃತ್ತವನ್ನ ಲ್ಯಾಂಬ್ಟನ್ ವಾರಗಟ್ಟಲೆ ಕೂತು ತಾನೇ ಸರಿಮಾಡಿದ. ಅಳೆಯುತ್ತಲೇ ಉತ್ತರಕ್ಕೆ ಸಾಗಿ, 1823ರ ಜನವರಿ 20ರಂದು ಹಿಂಗಣಘಾಟ್‌ನಲ್ಲಿ ತೀರಿಕೊಂಡ. ಕೆಲಸವನ್ನ ಎವರೆಸ್ಟ್ ಮುಂದುವರಿಸಿದ.

ಇವತ್ತು ಓಂ ಬೀಚ್‌ನ ನಡುಬಂಡೆ ಮೇಲೆ ಒಂದು, ಗೊತ್ತಿರೋ ಪಾಯಿಂಟ್ ಮೇಲೆ ಇನ್ನೊಂದು ಅಗ್ಗದ ಸ್ಟ್ಯಾಟಿಕ್ ಜಿಪಿಎಸ್ ರಿಸೀವರ್ ಇಟ್ಟು, ಎರಡರ ಡೇಟಾ ಒಟ್ಟಿಗೆ ಪ್ರೊಸೆಸ್ ಮಾಡಿದ್ರೆ ಸೆಂಟಿಮೀಟರ್ ಮಟ್ಟದ ಅಳತೆ ಸಿಗುತ್ತೆ. ಗೋಪುರ ಬೇಡ, ತೆರೆದ ಆಕಾಶ ಸಾಕು. ಆ ಎರಡು ಪಾಯಿಂಟ್ ನಡುವಿನ ಗೆರೆಗೆ ಈಗಲೂ ಬೇಸ್‌ಲೈನ್ ಅಂತಲೇ ಹೆಸರು. ಇನ್ನೊಂದು ಸಲ ಅಳೆದು ಚೆಕ್ ಮಾಡೋ ಕೆಲಸ ಮಾತ್ರ ಈಗಲೂ ನಮ್ಮದೇ.